ಗೋಕಾಕ ಸೀಮೆಯ ಮರಗೆಲಸ ಮತ್ತು ಕನ್ನಡಿಯ ಚೌಕಟ್ಟು

ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳ ಸೀಮೆಯಲ್ಲಿರುವ ಗೋಕಾಕವು 1047ರ ಶಾಸನದಲ್ಲಿಯೇ ಉಲ್ಲೇಖಗೊಂಡಿರುವ ಹಳೆಯ ಊರಾಗಿದ್ದು, 1685ರ ಹೊತ್ತಿಗೆ ಸರ್ಕಾರವೆಂಬ ಆಡಳಿತ ವಿಭಾಗದ ಕೇಂದ್ರವಾಗಿ, 1717ರಿಂದ 1754ರವರೆಗೆ ಸವಣೂರು ನವಾಬರ ವಶದಲ್ಲಿದ್ದು, 1836ರಲ್ಲಿ ಬ್ರಿಟಿಷ್ ಆಡಳಿತಕ್ಕೆ ಸೇರಿತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿಯೂ ಇತ್ತೀಚಿನವರೆಗೆ ಗೋಕಾಕ ತಾಲ್ಲೂಕಿನಲ್ಲಿಯೇ ಇದ್ದುದರಿಂದ ಈ ಎರಡು ಊರುಗಳ ಕಸುಬಿನ ಇತಿಹಾಸವನ್ನು ಬೇರ್ಪಡಿಸಿ ನೋಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಸರ್ಕಾರಿ ಗ್ಯಾಸೆಟಿಯರುಗಳು ಗೋಕಾಕದ ನೇಯ್ಗೆ ಮತ್ತು ಬಣ್ಣಗಾರಿಕೆಗಳ ಜೊತೆಗೆ ಹಗುರ ಮರದಿಂದಲೂ ಸುತ್ತಮುತ್ತ ಸಿಗುವ ಒಂದು ವಿಶೇಷ ಮಣ್ಣಿನಿಂದಲೂ ಮಾಡಿದ ಗೊಂಬೆಗಳನ್ನೂ ಹಣ್ಣಿನ ಆಕೃತಿಗಳನ್ನೂ ದಾಖಲಿಸಿವೆ.

ಈ ಗೊಂಬೆಗಾರಿಕೆಯು ಜೀನಗಾರರ ಕಸುಬು. ಜೀನವೆಂದರೆ ಕುದುರೆಯ ಬೆನ್ನಿಗೆ ಹಾಕುವ ತಡಿ. ಅದನ್ನು ಮಾಡುತ್ತಿದ್ದ ಮನೆತನಗಳೇ ಮರ, ಮಣ್ಣು ಮತ್ತು ಬಣ್ಣದ ಕೆಲಸವನ್ನೂ ಕೈಗೆತ್ತಿಕೊಂಡವು. ಕುದುರೆ ದಂಡುಗಳ ಕಾಲ ಮುಗಿಯುತ್ತಿದ್ದಂತೆ ತಡಿಯ ಬೇಡಿಕೆ ಕುಗ್ಗಿ ಬಣ್ಣದ ಕೆಲಸವೇ ಜೀವನಾಧಾರವಾಯಿತೆಂದು ಊಹಿಸುವುದು ಸಹಜ. ಇವರ ಕೌಶಲವಿದ್ದದ್ದು ಮರದ ಮೇಲ್ಮೈಯಲ್ಲಿ. ಹಗುರ ಮರವನ್ನು ಸುಲಭವಾಗಿ ಕೆತ್ತಬಹುದಾದರೂ ಅದರ ಎಳೆಗಳು ಸಡಿಲವಾಗಿರುವುದರಿಂದ ಸೂಕ್ಷ್ಮವಾದ ಗೆರೆ ನಿಲ್ಲುವುದಿಲ್ಲ. ಆದ್ದರಿಂದ ಒರಟಾಗಿ ಕೆತ್ತಿದ ರೂಪದ ಮೇಲೆ ಲೇಪವನ್ನು ಹಚ್ಚಿ, ಉಜ್ಜಿ ನುಣುಪುಗೊಳಿಸಿ, ಅದರ ಮೇಲೆ ಬಣ್ಣದಿಂದ ಕಣ್ಣು, ಒಡವೆ, ಸೀರೆಯ ಅಂಚುಗಳನ್ನು ಬರೆಯಲಾಗುತ್ತದೆ. ಕೊಪ್ಪಳ ಸಮೀಪದ ಕಿನ್ನಾಳದ ಚಿತ್ರಗಾರರ ವಿಧಾನವೂ ಇದಕ್ಕೆ ನಿಕಟವಾದುದು: ಅಲ್ಲಿ ಹುಣಸೆ ಬೀಜದ ಅಂಟಿನಲ್ಲಿ ಮರದ ಹೊಟ್ಟು ಮೊದಲಾದುವನ್ನು ಕಲಸಿದ ಕಿಟ್ಟ ಎಂಬ ಹದವನ್ನು ಮೂರ್ತಿಯ ಮೇಲೆಲ್ಲ ಬಳಿಯುತ್ತಾರೆ.

ಬಡಿಗರ ವಿದ್ಯೆ ಬೇರೆಯದು. ಸಾಗವಾನಿಯಂಥ ಗಟ್ಟಿ ಮರವನ್ನು ಬಾಚಿ, ಗರಗಸ, ಉಳಿಗಳಿಂದ ಹದಗೊಳಿಸಿ ಬಾಗಿಲಿನ ಚೌಕಟ್ಟು, ತೊಲೆ, ಕಂಬಗಳನ್ನು ನಿಲ್ಲಿಸುವ ಇವರಿಗೆ ಜೋಡಣೆಯೇ ಮುಖ್ಯ. ಉತ್ತರ ಕರ್ನಾಟಕದ ದೇಸಾಯರ ವಾಡೆಗಳ ತಲೆಬಾಗಿಲುಗಳಲ್ಲಿ ಕಾಣುವ ಬಳ್ಳಿ ಮತ್ತು ಕಮಲದ ಕೆತ್ತನೆಯು ಇವರದೇ ಕೈಕೆಲಸ. ಜಾತ್ರೆಗೆ ಮುನ್ನ ಗ್ರಾಮದೇವತೆಯ ಮರದ ಮೂರ್ತಿಗೆ ಹೊಸ ಬಣ್ಣ ಹಚ್ಚುವ ಪದ್ಧತಿಯಲ್ಲಿ ಈ ಎರಡು ವಿದ್ಯೆಗಳು, ಅಂದರೆ ಕೆತ್ತುವ ಕೈ ಮತ್ತು ಬಣ್ಣ ಹಚ್ಚುವ ಕೈ, ಒಂದೇ ವಸ್ತುವಿನ ಮೇಲೆ ಕೂಡುತ್ತವೆ.

ಕನ್ನಡಿಯ ಚೌಕಟ್ಟನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಬೇಕು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯ ಕೈಯಲ್ಲಿರುವುದು ಹಿಡಿಕೆಯುಳ್ಳ ದುಂಡು ಕನ್ನಡಿ. ಆ ಕಾಲದ ಕನ್ನಡಿಗಳು ಉಜ್ಜಿ ಹೊಳಪು ತರಿಸಿದ ಲೋಹದವಾದ್ದರಿಂದ ಅವುಗಳಿಗೆ ಮರದ ಆಸರೆ ಬೇಕಿರಲಿಲ್ಲ. ಗಾಜಿನ ಕನ್ನಡಿ ಬಂದಾಗ ಸ್ಥಿತಿ ಬದಲಾಯಿತು. ಗಾಜು ಒಡೆಯುವ ವಸ್ತು. ಅದರ ಬೆನ್ನಿಗಿದ್ದ ತವರ ಮತ್ತು ಪಾದರಸದ ಲೇಪವಾಗಲಿ, 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಕಂಡುಹಿಡಿದ ವಿಧಾನದ ಬೆಳ್ಳಿಯ ಲೇಪವಾಗಲಿ ತೇವಕ್ಕೂ ಗೀರಿಗೂ ಬೇಗ ಕೆಡುತ್ತದೆ. ಆದ್ದರಿಂದ ಅಂಚನ್ನು ಕಾಯುವ ಚೌಕಟ್ಟು ಮತ್ತು ಬೆನ್ನನ್ನು ಕಾಯುವ ಹಲಗೆ ಎರಡೂ ಅನಿವಾರ್ಯವಾದುವು. ಅಲಂಕಾರವು ಈ ಅಗತ್ಯದ ಮೇಲೆ ಕುಳಿತದ್ದು.

ಚೌಕಟ್ಟಿನ ರಚನೆ ನೋಡುವುದಕ್ಕೆ ಸರಳ, ಮಾಡುವುದಕ್ಕೆ ಕಠಿಣ. ನಾಲ್ಕು ಪಟ್ಟಿಗಳ ತುದಿಗಳನ್ನು 45 ಡಿಗ್ರಿ ಓರೆಯಾಗಿ ಕೊಯ್ದು ಕೂಡಿಸಬಹುದು, ಅಥವಾ ಬಾಗಿಲಿನ ಚೌಕಟ್ಟಿನಂತೆ ಒಂದರ ತುದಿಯಲ್ಲಿ ನಾಲಗೆಯನ್ನು ಬಿಟ್ಟು ಇನ್ನೊಂದರ ತೂತಿನಲ್ಲಿ ಕೂಡಿಸಿ ಮರದ ಗೂಟ ಬಡಿಯಬಹುದು. ಮರವು ಉದ್ದಕ್ಕೆ ಬಹುತೇಕ ಬದಲಾಗದೆ ಅಡ್ಡಕ್ಕೆ ಮಾತ್ರ ಹಿಗ್ಗುತ್ತ ಕುಗ್ಗುತ್ತ ಇರುವುದರಿಂದ, ಓರೆ ಜೋಡಣೆಯ ಅಗಲ ಪಟ್ಟಿಗಳು ಬೆಳಗಾವಿ ಸೀಮೆಯ ಮಳೆಗಾಲ ಮತ್ತು ಬೇಸಿಗೆಗಳ ನಡುವೆ ಮೂಲೆಯಲ್ಲಿ ಬಾಯಿಬಿಡುತ್ತವೆ; ಗೂಟದ ಜೋಡಣೆ ಹೆಚ್ಚು ಕಾಲ ಬಾಳುತ್ತದೆ. ಪಟ್ಟಿಗಳ ಹಿಂಬದಿಯ ಒಳ ಅಂಚಿನಲ್ಲಿ ಗಾಜು ಕೂರುವ ತೋಡನ್ನು ಕೊರೆಯುವಾಗ ಗಾಜಿನ ಅಳತೆಗಿಂತ ತುಸು ಸಡಿಲ ಬಿಡದಿದ್ದರೆ ಹಿಗ್ಗಿ ಕುಗ್ಗುವ ಮರವೇ ಗಾಜನ್ನು ಸೀಳಬಹುದು. ಹಗುರ ಮರದಲ್ಲಿ ಜೋಡಣೆ ನಿಲ್ಲುವುದಿಲ್ಲ, ಗಟ್ಟಿ ಮರಕ್ಕೆ ಬಣ್ಣದ ಲೇಪ ಬೇಕಾಗುವುದಿಲ್ಲ. ಹೀಗಾಗಿ ಗಟ್ಟಿ ಮರದ ಪಟ್ಟಿಗಳ ಮೇಲೆ ಹಗುರ ಮರದ ಬಣ್ಣದ ಶಿಖರವನ್ನು, ಅಂದರೆ ಮೇಲ್ತುದಿಯ ಅಲಂಕಾರವನ್ನು, ಕೂರಿಸುವುದೇ ಈ ಸೀಮೆಯ ಎರಡೂ ವಿದ್ಯೆಗಳಿಗೆ ಒಪ್ಪುವ ವಿನ್ಯಾಸ.

ಗೋಕಾಕ ಜಲಪಾತದ ಬಳಿ 1887ರಲ್ಲಿ ನೂಲಿನ ಗಿರಣಿ ಕೆಲಸ ಆರಂಭಿಸಿತು. ಅದೇ ಕಾಲದಲ್ಲಿ ರೈಲು ಮಾರ್ಗವೂ ಈ ಸೀಮೆಯನ್ನು ಮುಟ್ಟಿ ಮುಂಬಯಿ ಪೇಟೆಯ ಸರಕಿಗೆ ದಾರಿ ತೆರೆಯಿತು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದ ದೇವರ ಪಟಗಳು ಮನೆಮನೆಗೆ ಹಬ್ಬಿದಂತೆ ಪಟಕ್ಕೂ ಕನ್ನಡಿಗೂ ಕಟ್ಟು ಹಾಕುವ ಅಂಗಡಿಗಳು ಪೇಟೆಗಳಲ್ಲಿ ಹುಟ್ಟಿಕೊಂಡವು. ಯಂತ್ರದಲ್ಲಿ ಗೆರೆ ಹೊಡೆದ ಸಿದ್ಧ ಪಟ್ಟಿಗಳನ್ನು ಅಳತೆಗೆ ಕೊಯ್ದು ಮೊಳೆ ಬಡಿಯುವ ಈ ವಿಧಾನವು ಅಗ್ಗವೂ ಶೀಘ್ರವೂ ಆಗಿದ್ದುದರಿಂದ ಬಡವರ ಮನೆಗೂ ಕನ್ನಡಿ ಬಂದಿತೆಂಬುದನ್ನು ಒಪ್ಪಬೇಕು; ಆದರೆ ಬಡಿಗನ ಗೂಟವೂ ಜೀನಗಾರನ ಬಣ್ಣವೂ ಅದರಲ್ಲಿ ಸ್ಥಾನ ಕಳೆದುಕೊಂಡವು. ಗೊಂಬೆಗಾರಿಕೆಯ ಬಗ್ಗೆ ಅಷ್ಟಿಷ್ಟು ಬರವಣಿಗೆಯಾದರೂ ಉಳಿದಿದೆ, ಮನೆಬಳಕೆಯ ಮರದ ವಸ್ತುಗಳಿಗೆ ಆ ಭಾಗ್ಯವೂ ಒದಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಹಳೆಯ ಮನೆಗಳನ್ನು ಕೆಡವುವವರು ಕನ್ನಡಿಯನ್ನು ಗುಜರಿಗೆ ಕೊಡುವ ಮುನ್ನ ಬೆನ್ನಿನ ಹಲಗೆಯನ್ನು ಬಿಚ್ಚಿ, ಮೂಲೆಯ ಜೋಡಣೆಯನ್ನೂ ಮರದ ಜಾತಿಯನ್ನೂ ನೋಡಿ, ಚಿತ್ರ ತೆಗೆದು ಬರೆದಿಟ್ಟರೆ ಈ ಕಸುಬಿನ ಇತಿಹಾಸಕ್ಕೆ ಅದಕ್ಕಿಂತ ನಂಬಲರ್ಹವಾದ ಆಧಾರ ಬೇರೊಂದಿಲ್ಲ.