ರಕ್ತದಾನದ ಚರಿತ್ರೆಯೂ ನಮ್ಮ ಐದು ತಾಲೂಕುಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಿರಿಯರಿಗೆ ಅಕ್ಟೋಬರ್ 1 ಎಂದರೆ, 1953ರಲ್ಲಿ ಈ ಸೀಮೆಯು ಮದರಾಸನ್ನು ತೊರೆದು ಮೈಸೂರು ರಾಜ್ಯವನ್ನು ಸೇರಿದ ದಿನ. ಅದೇ ದಿನವು 1975ರಿಂದ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವೂ ಆಗಿರುವುದನ್ನು ಬಲ್ಲವರು ವಿರಳ. ರಕ್ತವಿಜ್ಞಾನಿ ಡಾ. ಜೆ. ಜಿ. ಜಾಲಿಯವರು ಜನಿಸಿದ ದಿನವದು. ಎರಡಕ್ಕೂ ನಂಟಿಲ್ಲ, ನೆನಪಿಡುವುದಕ್ಕೆ ಮಾತ್ರ ಅನುಕೂಲ.

ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಪಡಿಸುವವರೆಗೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಏರಿಸುವುದು ಜೂಜಿನಂತಿತ್ತು. ನಮ್ಮ ದೇಶದಲ್ಲಿ ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ 1942ರಲ್ಲಿ ಕಲ್ಕತ್ತೆಯಲ್ಲಿ ರಕ್ತನಿಧಿಯೊಂದು ತೆರೆಯಿತು. ಯುದ್ಧ ಮುಗಿಯಿತು, ದಾನಿಗಳ ಉತ್ಸಾಹವೂ ತಗ್ಗಿತು. ಆ ಬಳಿಕ ರಕ್ತವು ಮಾರಾಟದ ವಸ್ತುವಾಯಿತು. ಹೊಟ್ಟೆಗಿಲ್ಲದವನು ತನ್ನ ಕಾಯಿಲೆಯನ್ನು ಮುಚ್ಚಿಟ್ಟು, ಮತ್ತೆ ಮತ್ತೆ ತೋಳು ಚಾಚುತ್ತಿದ್ದನು. ಅವನನ್ನು ದೂಷಿಸಲು ನನ್ನ ಮನಸ್ಸೊಪ್ಪದು, ಕೊಂಡವರೂ ಇದ್ದರಲ್ಲವೇ? 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಸೋಂಕು ಪತ್ತೆಯಾಯಿತು. 1989ರಲ್ಲಿ ರಕ್ತಕ್ಕೆ ಅದರ ಪರೀಕ್ಷೆ ಕಡ್ಡಾಯವಾಯಿತು. ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1996ರ ಜನವರಿ 4ರಂದು ನೀಡಿದ ತೀರ್ಪಿನಂತೆ, 1998ರ ಜನವರಿ 1ರಿಂದ ರಕ್ತದ ಮಾರಾಟ ನಿಷಿದ್ಧವಾಯಿತು.

ತೀರ್ಪು ವ್ಯಾಪಾರವನ್ನು ತಡೆಯಿತು, ದೂರವನ್ನು ತಗ್ಗಿಸಲಿಲ್ಲ. ಬಳ್ಳಾರಿಯ ವೈದ್ಯಕೀಯ ಕಾಲೇಜು 1961ರದು, ದಾವಣಗೆರೆಯದು 1965ರದು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಎಲ್ಲೆಗಳು ಬದಲಾದರೂ ರೋಗಿಯ ಹಾದಿ ಕಿರಿದಾಗಲಿಲ್ಲ. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ ಗಂಟೆಗಳೇ ಆಯುಷ್ಯ. ಬದಲಿ ದಾನಿಯನ್ನು ಕರೆತನ್ನಿರೆಂದರೆ, ಜೊತೆಯಲ್ಲಿ ಬಂದಿರುವುದು ಮುದಿ ಅತ್ತೆಯೊಬ್ಬಳೇ!

ಈ ಸಂಕಟಕ್ಕೆ 2001ರ ನಿಯಮ ತಿದ್ದುಪಡಿಯು ಒಂದು ದಾರಿ ತೋರಿತು. ಪೂರ್ಣ ರಕ್ತನಿಧಿಯಿಲ್ಲದ ಆಸ್ಪತ್ರೆಯೂ, ದೊಡ್ಡ ನಿಧಿಯಲ್ಲಿ ಪರೀಕ್ಷಿಸಿದ ಚೀಲಗಳನ್ನು ತಂದು ತಂಪುಪೆಟ್ಟಿಗೆಯಲ್ಲಿ ಶೇಖರಿಸಿಡಬಹುದಾಯಿತು. ಆದರೆ ಪೆಟ್ಟಿಗೆ ತಾನಾಗಿ ತುಂಬುವುದಿಲ್ಲ. ಸಾಮಾನ್ಯವಾಗಿ ಬಳಸುವ ಚೀಲದಲ್ಲಿ, 2ರಿಂದ 6 ಡಿಗ್ರಿ ಶೈತ್ಯದಲ್ಲಿ, ರಕ್ತ ಉಳಿಯುವುದು 35 ದಿನ ಮಾತ್ರ. ಅಕ್ಟೋಬರ್ 1ರ ಶಿಬಿರದಲ್ಲಿ ಕೊಟ್ಟ ರಕ್ತವು ರಾಜ್ಯೋತ್ಸವವನ್ನು ಕಂಡು, ನವೆಂಬರ್ 5ರ ಹೊತ್ತಿಗೆ ನಿರುಪಯುಕ್ತವಾಗುತ್ತದೆ. ಅದನ್ನು ಕೊಟ್ಟ ಪುರುಷನು 90 ದಿನ ಕಳೆದು, ಡಿಸೆಂಬರ್ 30ಕ್ಕೆ ಮತ್ತೆ ಕೊಡಬಹುದು. ಸ್ತ್ರೀಯಾದರೆ 120 ದಿನ. ನಡುವಣ 55 ದಿನಗಳಲ್ಲಿ ಆ ಪೆಟ್ಟಿಗೆಗೆ ಬೇರೆಯವರ ರಕ್ತ ಬೇಕು.