ಕಚ್ಚಿಕೊಂಡ ನಟ್ಟಿನ ಹಿಂದೊಂದು ಚರಿತ್ರೆ

ಹಳೆಯ ಅಂಬಾಸಡರ್ ಕಾರಿನ ಹೊಗೆಕೊಳವೆಯ ನಟ್ಟೊಂದು ತುಕ್ಕಿನಿಂದ ಕಚ್ಚಿಕೊಂಡಿದೆ ಎನ್ನಿ. ಸ್ಪ್ಯಾನರ್ ಹಾಕಿ ಮೈಭಾರವನ್ನೆಲ್ಲ ಬಿಟ್ಟರೂ ಅದು ಅಲ್ಲಾಡದು. ಇನ್ನಷ್ಟು ಬಲ ಹಾಕಿದರೆ ಬೋಲ್ಟೇ ತುಂಡಾಗಿ, ಅರ್ಧ ಭಾಗ ಎರಕದ ಕಬ್ಬಿಣದೊಳಗೆ ಉಳಿದುಬಿಡುತ್ತದೆ. ಉತ್ತರಪಾರಾ ಕಾರ್ಖಾನೆ ಅಂಬಾಸಡರ್ ತಯಾರಿಕೆ ನಿಲ್ಲಿಸಿದ್ದು 2014ರಲ್ಲಿ. ಹೀಗಾಗಿ ಒಂದು ಬಿಡಿಭಾಗ ಕೆಟ್ಟರೂ ಗುಜರಿ ಅಂಗಡಿಗಳನ್ನು ಅಲೆಯಬೇಕಾಗುತ್ತದೆ.

ಸಣ್ಣ ನಟ್ಟಿಗೆ ಇಷ್ಟು ಬಿಗಿ ಬಂದದ್ದು ಎಲ್ಲಿಂದ? ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ. ಹಾಗೆ ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡುಗಳ ನಡುವಿನ ಕೂದಲೆಳೆಯ ಸಂದಿಯಲ್ಲಿ ಅದು ಉಬ್ಬಿ ಬೆಣೆಯಂತೆ ಕೂರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಕೆಲಸ ಇನ್ನೂ ಚುರುಕು.

ಎಡವಟ್ಟಿಗೆ ಚರಿತ್ರೆಯ ಪಾಲೂ ಇದೆ. ಒಂದು ಕಾಲಕ್ಕೆ ಪ್ರತಿ ಕಾರ್ಖಾನೆಗೂ ತನ್ನದೇ ಅಳತೆಯ ನಟ್ಟು-ಬೋಲ್ಟು. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಏಕರೂಪ ಥ್ರೆಡ್ ಸೂಚಿಸಿದ. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿ ಎಂದ. ಬ್ರಿಟನ್, ಅಮೆರಿಕ, ಕೆನಡಾ ಒಂದೇ ಪದ್ಧತಿಗೆ ಒಪ್ಪಿದ್ದು 1948ರಲ್ಲಿ. ಆಮೇಲೆ ಮೆಟ್ರಿಕ್ ಅಳತೆ ಬಂತು. ಹಳೆಯ ಗಾಡಿಗೆ ‘ಹೆಚ್ಚುಕಡಿಮೆ ಹೊಂದುವ’ ಸ್ಪ್ಯಾನರ್ ಹಾಕಿದರೆ ಅದು ಜಾರಿ ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಸರಿಯಾದ ಅಳತೆಯೇ ಮೊದಲ ಮದ್ದು.

ಎರಡನೆಯದು ಎಣ್ಣೆ. ಇಲ್ಲಿ ಬೇಕಾದದ್ದು ಸಂದಿಗೆ ಇಳಿಯುವ ತೆಳುವಾದ ಎಣ್ಣೆ. ಗ್ಯಾರೇಜುಗಳಲ್ಲಿ ಬಹುಕಾಲ ಸೀಮೆಎಣ್ಣೆಯೇ ಈ ಕೆಲಸ ಮಾಡಿತು. ಇಂದು ಕಾಣುವ ಡಬ್ಲ್ಯೂಡಿ-40 ಡಬ್ಬಿಯ ಕತೆ ಬೇರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ತಯಾರಿಸಿದ್ದು ತುಕ್ಕು ಬಾರದಂತೆ ನೀರನ್ನು ಹೊರದೂಡಲು. ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಕವಚಕ್ಕೆ. ನಲವತ್ತನೆಯ ಪ್ರಯತ್ನ ಫಲಿಸಿದ್ದರಿಂದ ಹೆಸರಿನಲ್ಲಿ 40. ಅಂಗಡಿಗೆ ಬಂದದ್ದು 1958ರಲ್ಲಿ.

ಮೂರನೆಯದು ಬೆಂಕಿ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವ ನಮ್ಮ ಕಮ್ಮಾರರಿಗೆ ಈ ವಿದ್ಯೆ ಹೊಸದಲ್ಲ. ಪಟ್ಟಿಯನ್ನು ಕಾಯಿಸಿದರೆ ಹಿಗ್ಗುತ್ತದೆ, ನೀರು ಹೊಯ್ದರೆ ಕುಗ್ಗಿ ಬಿಗಿಯುತ್ತದೆ. ನೂರು ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ಒಂದು ಮೀಟರ್ ಕಬ್ಬಿಣ ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ. ಗ್ಯಾರೇಜಿನಲ್ಲಿ ಇದೇ ತತ್ವ ಹಿಂದುಮುಂದಾಗುತ್ತದೆ: ಬೋಲ್ಟನ್ನು ಬಿಟ್ಟು ನಟ್ಟನ್ನಷ್ಟೇ ಕಾಯಿಸಿದರೆ ಅದು ಹಿಗ್ಗಿ ತುಕ್ಕಿನ ಹಿಡಿತ ಸಡಿಲುತ್ತದೆ. ಆದರೆ ಪೆಟ್ರೋಲ್ ಟ್ಯಾಂಕು, ಇಂಧನದ ಕೊಳವೆ, ರಬ್ಬರ್ ಹತ್ತಿರವಿದ್ದಲ್ಲಿ, ಎಣ್ಣೆ ಸಿಂಪಡಿಸಿದ ಕಡೆ ಬೆಂಕಿ ಸಲ್ಲದು.

ಇವೆಲ್ಲಕ್ಕೂ ಮೇಲಾದದ್ದು ತಾಳ್ಮೆ. ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ಸುತ್ತಿಗೆಯಿಂದ ಹಗುರವಾಗಿ ತಟ್ಟಿ ತುಕ್ಕನ್ನು ಅದುರಿಸಬೇಕು. ನಟ್ಟು ಕೊಂಚ ಕದಲಿದರೆ ಒಂದೇ ಸಮನೆ ತಿರುಗಿಸದೆ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಆಡಿಸುತ್ತ ಮತ್ತೆ ಎಣ್ಣೆ ಬಿಡಬೇಕು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆ ಮುರಿದ ಬೋಲ್ಟಿಗೂ ಸಲ್ಲುತ್ತದೆ. ಅರವತ್ತು ವರ್ಷ ಓಡಿದ ಕಾರಿಗೆ ಇನ್ನೊಂದು ರಾತ್ರಿ ಕಾಯುವುದು ಹೆಚ್ಚೇನೂ ಅಲ್ಲ.