ಅರ್ಧ ಅಡಿ ದಪ್ಪಗಾದ ಎಂಜಿನ್: ಪುಟ್ಟ ಡೀಸೆಲ್ ಮಾದರಿಗಳಲ್ಲಿ ವಿವರ ಬೆಳೆದ ಬಗೆ

ಈ ಶತಮಾನದ ಮೊದಲ ವರ್ಷಗಳಲ್ಲಿ ಡೆನ್ಮಾರ್ಕಿನ ಹೆಲ್ಯಾನ್ ಕಂಪನಿ ಬ್ರಿಟನ್ನಿನ ಕ್ಲಾಸ್ 47 ಡೀಸೆಲ್ ರೈಲು ಎಂಜಿನ್ನಿನ ಪುಟ್ಟ ಮಾದರಿಯೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ತೂಕ, ಎಳೆಯುವ ಶಕ್ತಿ, ನಯವಾದ ಓಟ ಯಾವುದರಲ್ಲೂ ಅದುವರೆಗಿನ ಕ್ಲಾಸ್ 47 ಮಾದರಿಗಳು ಅದಕ್ಕೆ ಸಾಟಿಯಾಗಲಿಲ್ಲ. ಆದರೆ ಅಳತೆಪಟ್ಟಿ ಹಿಡಿದು ಕೂತವರಿಗೆ ಬೇರೆಯದೇ ಕಂಡಿತು. ಎಂಜಿನ್ನಿನ ಮೈ ಸುಮಾರು 2 ಮಿಲಿಮೀಟರ್ ಹೆಚ್ಚು ಅಗಲವಿತ್ತು. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಓಒ ಪ್ರಮಾಣದಲ್ಲಿ ನಿಜದ 1 ಅಡಿಗೆ 4 ಮಿ.ಮೀ. ಲೆಕ್ಕ. ಅಂದರೆ 9 ಅಡಿ 2 ಅಂಗುಲದ ಗಾಡಿ ಇಲ್ಲಿ ಹತ್ತಿರ ಹತ್ತಿರ ಅರ್ಧ ಅಡಿ ಊದಿಕೊಂಡಿತ್ತು. ಪಕ್ಕದಿಂದ ನೋಡಿದರೆ ಗೊತ್ತಾಗದು, ಎದುರಿನಿಂದ ನೋಡಿದರೆ ಬೊಜ್ಜು ಬಂದವರ ಹಾಗೆ ಕಾಣುತ್ತದೆ. ಈ 2 ಮಿ.ಮೀ. ಬಗ್ಗೆ ನಡೆದ ವಾದ ಆ ಮಾದರಿಯ ಎಲ್ಲ ಒಳ್ಳೆಯ ಗುಣಗಳನ್ನೂ ಮರೆಸಿತು.

ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಆದರೆ ಡೀಸೆಲ್ ಎಂಜಿನ್ನಿನ ಸ್ವಭಾವವೇ ಅಂಥದ್ದು. ಉಗಿ ಎಂಜಿನ್ನಿನ ಮಾದರಿ ಓಡುವಾಗ ಚಕ್ರಗಳ ಜೊತೆ ಸರಳುಗಳು ಹಿಂದೆ ಮುಂದೆ ಆಡುತ್ತವೆ, ಕಣ್ಣು ಅಲ್ಲೇ ನಿಂತುಬಿಡುತ್ತದೆ, ಸಣ್ಣಪುಟ್ಟ ತಪ್ಪುಗಳು ಮಾಫಿ. ಡೀಸೆಲ್‌ಗೆ ಆ ಅನುಕೂಲವಿಲ್ಲ. ಅದು ಒಂದು ಪೆಟ್ಟಿಗೆ. ಅದರ ಗುರುತೆಲ್ಲ ಮುಂಗಾಜಿನ ಓರೆ, ಮೂಗಿನ ದುಂಡು, ಪಕ್ಕದ ಜಾಲರಿ, ಛಾವಣಿಯ ಬಾಗುಗಳಲ್ಲಿ. ಅವು ಕೂದಲೆಳೆಯಷ್ಟು ತಪ್ಪಿದರೂ ಮುಖ ಬೇರೆಯವರದ್ದಾಗುತ್ತದೆ. ಡೀಸೆಲ್ ಮಾದರಿಗಳ ಅರವತ್ತು ಚಿಲ್ಲರೆ ವರ್ಷಗಳ ಬೆಳವಣಿಗೆಯನ್ನು ಒಂದೇ ಎಳೆಯಲ್ಲಿ ಹಿಡಿಯುವುದಾದರೆ, ಕೊಳ್ಳುವವನ ಪ್ರಶ್ನೆ ಬರಬರುತ್ತಾ ಕಿರಿದಾಗಿದೆ. ಮೊದಲು ಕೇಳುತ್ತಿದ್ದದ್ದು ಇದು ಡೀಸೆಲ್ಲೇ ಎಂದು. ಆಮೇಲೆ, ಇದು ಕ್ಲಾಸ್ 37 ಹೌದೇ ಎಂದು. ಈಗ ಕೇಳುವುದು, ಇದು ಇಂಥ ನಂಬರಿನ 37 ಇಂಥ ವರ್ಷದಲ್ಲಿ ಇದ್ದ ಹಾಗೆಯೇ ಇದೆಯೇ ಎಂದು.

ಹಳಿಯ ಅಗಲದಿಂದಲೇ ಶುರುಮಾಡಬೇಕು, ಏಕೆಂದರೆ ಮೊದಲ ರಾಜಿ ಆದದ್ದು ಅಲ್ಲಿ. ಯುರೋಪ್, ಅಮೆರಿಕಗಳ ಎಚ್‌ಒ ಮಾದರಿಗಳು 1:87 ಪ್ರಮಾಣದವು, ಹಳಿಗಳ ನಡುವೆ 16.5 ಮಿ.ಮೀ. ಬ್ರಿಟನ್ನಿನ ಗಾಡಿಗಳು ನಿಜದಲ್ಲೇ ಸಣ್ಣವಾದ್ದರಿಂದ ಆ ಕಾಲದ ಮೋಟರು 1:87ರ ಮೈಯೊಳಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ಮೈಯನ್ನು 1:76ಕ್ಕೆ ದೊಡ್ಡದು ಮಾಡಿ ಹಳಿಯನ್ನು ಹಾಗೇ ಬಿಟ್ಟರು. ಲೆಕ್ಕದ ಪ್ರಕಾರ 18.83 ಮಿ.ಮೀ. ಇರಬೇಕಾದ ಹಳಿ 16.5ರಲ್ಲೇ ಉಳಿಯಿತು. ಈ ಸೊಟ್ಟನ್ನು ಸರಿಪಡಿಸಲು ಒಂದು ಗುಂಪು 1960ರ ದಶಕದಲ್ಲಿ 18.83ರ ಹಳಿ, ತೆಳು ಚಕ್ರಗಳ ಪ್ರೋಟೋಫೋರ್ ಮಾನಕ ತಂದಿತು. ಅವರು ಇಂದಿಗೂ ಇದ್ದಾರೆ, ಆದರೆ ಕೈಬೆರಳೆಣಿಕೆಯ ಅಂಗಡಿಗಳಷ್ಟೇ ಅವರಿಗಾಗಿ ಚಕ್ರ ಮಾರುತ್ತವೆ. ಮಿಕ್ಕವರೆಲ್ಲ ಎದುರಿನಿಂದ ನೋಡಿದರೆ ಹಳಿ ಇಕ್ಕಟ್ಟಾಗಿ ಕಾಣುವುದನ್ನು ಒಪ್ಪಿಕೊಂಡೇ ಮೇಲಿನ ರಿವೆಟ್ ಎಣಿಸುತ್ತಾರೆ.

ಹಾರ್ನ್‌ಬಿ ಡಬ್ಲೊ 1958ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಟೈಪ್ 1 ಡೀಸೆಲ್ಲಿನ ಮಾದರಿ ತಂದಾಗ ನಿಜದ ಎಂಜಿನ್ನಿಗೇ ಇನ್ನೂ ಒಂದೆರಡು ವರ್ಷದ ಪ್ರಾಯ. ಆಗಿನ ಗಿರಾಕಿ ಹೆಚ್ಚಾಗಿ ಶಾಲೆಗೆ ಹೋಗುವ ಹುಡುಗ. ಮೂರೇ ವರ್ಷದಲ್ಲಿ ಅದೇ ಕಂಪನಿ ಮೆಟ್ರೊಪಾಲಿಟನ್ ವಿಕರ್ಸ್‌ನ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಆಕ್ಸಲ್ಲಿನ ವಿಚಿತ್ರ ಎಂಜಿನ್ನನ್ನೂ ಮಾದರಿ ಮಾಡಿತು. ನಿಜದಲ್ಲಿ ಆ ಜಾತಿಯವು ತಯಾರಾದದ್ದು ಬರೀ 20, ಪದೇಪದೇ ಕೆಟ್ಟು ದಶಕ ಮುಗಿಯುವುದರೊಳಗೆ ಮೂಲೆ ಸೇರಿದವು. ಟ್ರೈಯಾಂಗ್ ಕಂಪನಿಯ ಎಂಜಿನ್ನುಗಳೂ ಅದೇ ಕಾಲದವು. ಎಲ್ಲದರಲ್ಲೂ ದಪ್ಪ ಪ್ಲಾಸ್ಟಿಕ್, ಒಂದೇ ಕಡೆಯ ಚಕ್ರ ಚೌಕಟ್ಟಿನೊಳಗೆ ತುರುಕಿದ ಮೋಟರು, ಕೆಲವಕ್ಕೆ ಜಾರದಿರಲೆಂದು ಚಕ್ರಕ್ಕೆ ರಬ್ಬರ್ ಬಳೆ, ಅಚ್ಚಿನಲ್ಲೇ ಉಬ್ಬಿಬಂದ ಕೈಹಿಡಿಗಳು.

ನಿಜವಾದ ಕುತೂಹಲದ ಕಾಲ ಮುಂದಿನದು. ಇಟಲಿಯ ಲಿಮಾ 1970ರ ದಶಕದ ಮಧ್ಯದಲ್ಲಿ ಬ್ರಿಟಿಷ್ ಗಾಡಿಗಳನ್ನು ಎಚ್‌ಒ ಪ್ರಮಾಣದಲ್ಲಿ ಮಾರಲು ಹೋಗಿ ಸೋತು, ಓಒಗೆ ಹೊರಳಿತು. ಮುಂದಿನ ಎರಡು ದಶಕ ಅದು ಡೀಸೆಲ್‌ಗಳನ್ನು ಒಂದರ ಹಿಂದೊಂದು, ಬಣ್ಣದ ಮೇಲೆ ಬಣ್ಣ ಹೊರತಂದಿತು. ಅದರ ಚಪ್ಪಟೆ ಮೋಟರು ಗರಗರ ಸದ್ದು ಮಾಡುತ್ತಿತ್ತು, ಚಕ್ರದ ಅಂಚು ಪಿಜ್ಜಾ ಕತ್ತರಿಸುವ ಬಿಲ್ಲೆಯಷ್ಟು ದೊಡ್ಡದು. ಆದರೆ ಮುಖ ಸರಿ ಇತ್ತು. ಬ್ರಿಟನ್ನಿನ ಡೀಸೆಲ್ ಹವ್ಯಾಸಿಗಳ ಒಂದು ತಲೆಮಾರು ಕೈ ಪಳಗಿಸಿಕೊಂಡದ್ದು ಈ ಅಗ್ಗದ ಲಿಮಾಗಳ ಮೇಲೆ. ಹಾಳಾದರೆ ಇನ್ನೊಂದು ತಂದರಾಯಿತು ಎಂಬ ಧೈರ್ಯವೇ ಅವರ ಗುರು ಎನ್ನಬೇಕು. ದುಬಾರಿ ಮಾದರಿಗೆ ಬ್ಲೇಡ್ ತಾಗಿಸಲು ಇಂದು ಯಾರಿಗೆ ಮನಸ್ಸು ಬರುತ್ತದೆ?

ಆಗಿನ ಕೆಲಸ ಹೇಗಿತ್ತು ಎನ್ನಲು ಒಂದು ಕೈಹಿಡಿ ಸಾಕು. ಚಾಲಕನ ಬಾಗಿಲಿನ ಪಕ್ಕದ ಸರಳು ನಿಜದಲ್ಲಿ ಸುಮಾರು 1 ಅಂಗುಲ ದಪ್ಪ, ಮಾದರಿಯಲ್ಲಿ ಮೂರನೇ ಒಂದು ಮಿ.ಮೀ. ಮೊದಲು ಅಚ್ಚಿನಲ್ಲಿ ಉಬ್ಬಿಬಂದದ್ದನ್ನು ಹೊಸ ಬ್ಲೇಡಿನಿಂದ ಹೆರೆಯಬೇಕು. ಬ್ಲೇಡ್ ತುಸು ಆಳಕ್ಕಿಳಿದರೆ ಗುಳಿ ಬೀಳುತ್ತದೆ, ತುಸು ಮೇಲಾದರೆ ಬಣ್ಣ ಹಚ್ಚಿದ ಮೇಲೆ ಗೆರೆ ಎದ್ದು ಕಾಣುತ್ತದೆ. ಆಮೇಲೆ ನುಣ್ಣನೆಯ ಉಪ್ಪುಕಾಗದ. ಬೆರಳುಗಳ ನಡುವೆ ತಿರುಗಿಸುವ ಕೈಡ್ರಿಲ್ಲಿನಲ್ಲಿ 0.35 ಮಿ.ಮೀ. ಸೂಜಿ ಹಾಕಿ ಎರಡು ತೂತು. ಹಿತ್ತಾಳೆ ತಂತಿಯನ್ನು ಎರಡೂ ತುದಿ ಬಗ್ಗಿಸಿ ತೂರಿಸಿ, ಮೈಯಿಂದ ಎಷ್ಟು ದೂರ ನಿಲ್ಲಬೇಕೆಂಬುದಕ್ಕೆ ಅಡಿಯಲ್ಲಿ ಒಂದು ರಟ್ಟಿನ ಚೂರಿಟ್ಟು, ಒಳಗಿನಿಂದ ಒಂದು ಹನಿ ಸೂಪರ್ ಗ್ಲೂ. ಹನಿ ಹೊರಗೆ ಬಂದರೆ ಕಿಟಕಿಯ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ. ಒಂದು ಎಂಜಿನ್ನಿಗೆ ಇಂಥವು ಹತ್ತಾರು.

ಕಿಟಕಿಯ ಕಥೆಯೂ ಹೀಗೇ. ಪ್ಲಾಸ್ಟಿಕ್ ಮೈ 1 ಮಿ.ಮೀ. ದಪ್ಪವಿದ್ದು ಗಾಜು ಅದರ ಹಿಂದೆ ಕೂತರೆ, ನಿಜದ ಲೆಕ್ಕದಲ್ಲಿ ಗಾಜು 3 ಅಂಗುಲ ಒಳಗಿದ್ದಂತೆ. ಹಾಗಾಗಿ ತೂತಿನ ಆಕಾರಕ್ಕೇ ಲೇಸರಿನಿಂದ ಕತ್ತರಿಸಿದ, ಮೈಗೆ ಸಮನಾಗಿ ಕೂರುವ ಗಾಜುಗಳು ಬಂದವು. ಛಾವಣಿಯ ಫ್ಯಾನಿನ ಮೇಲೆ ಅಚ್ಚಿನ ಗೆರೆಗಳಷ್ಟೇ ಇದ್ದ ಕಡೆ ಹಿತ್ತಾಳೆ ಅಥವಾ ನಿಕಲ್ ಸಿಲ್ವರ್ ತಗಡನ್ನು ಆಮ್ಲದಿಂದ ಕೊರೆದು ಮಾಡಿದ ಜಾಲರಿ ಬಂತು, ಅದರೊಳಗಿಂದ ಫ್ಯಾನಿನ ಅಲಗು ಕಾಣುವ ಹಾಗೆ. ಶಾಪ್ಲಾನ್‌ನಂಥ ಸಣ್ಣ ಸಂಸ್ಥೆಗಳು ಇದರಿಂದಲೇ ಹೆಸರು ಮಾಡಿದವು. ಡೀಸೆಲ್ ಅಂದರೆ ಮೂಗು ಮುರಿಯುತ್ತಿದ್ದ ಉಗಿ ಪ್ರಿಯರ ನಡುವೆ ತಮ್ಮದೇ ಜಾಗ ಬೇಕೆಂದು ಡೀಸೆಲ್ ಮತ್ತು ವಿದ್ಯುತ್ ಎಂಜಿನ್ ಹವ್ಯಾಸಿಗಳು ಡೆಮು ಎಂಬ ಸಂಘವನ್ನೂ ಕಟ್ಟಿಕೊಂಡರು.

ಯಂತ್ರದ ಮಟ್ಟಿಗೆ ಅಟ್ಲಾಂಟಿಕ್‌ನ ಆಚೆಯವರು ಬಹಳ ಮುಂದಿದ್ದರು. ಕ್ಯಾಲಿಫೋರ್ನಿಯಾದ ಆಥರ್ನ್ ಕಂಪನಿ 1950ರ ದಶಕದಲ್ಲಿ ರಬ್ಬರ್ ಬ್ಯಾಂಡಿನಿಂದ ಚಕ್ರ ತಿರುಗಿಸುತ್ತಿದ್ದುದು ನಿಜ, ಆದರೆ ಬೇಗನೆ ನಡುವೆ ಒಂದು ಮೋಟರು, ಅದರಿಂದ ಎರಡೂ ಕಡೆಯ ಚಕ್ರಗಳಿಗೆ ದಂಡ ಮತ್ತು ಗಿಯರು ಎಂಬ ಏರ್ಪಾಟಿಗೆ ಬಂತು. ಬ್ರಿಟನ್ನಿನ ಅಂಗಡಿಗಳಲ್ಲಿ ಇದು ಸಾಮಾನ್ಯವಾಗಲು ಇನ್ನೂ ದಶಕಗಳು ಬೇಕಾದವು. ಆದರೆ ಆಥರ್ನ್‌ಗೂ ಅದರದೇ ಊತವಿತ್ತು: ಅಗಲದ ಮೋಟರು ಹಿಡಿಸಲೆಂದು ಅದರ ಹಳೆಯ ಜಿಪಿ ಸರಣಿಯ ಎಂಜಿನ್ನುಗಳ ಹುಡ್ ಅಗಲ ಮಾಡಿದ್ದರು. ಒಳಗಿನ ಯಂತ್ರವೇ ಹೊರಗಿನ ಆಕಾರ ತಪ್ಪಲು ಕಾರಣ. ಜಪಾನಿನ ಕಾಟೊ ತಯಾರಿಸಿದ ಅಟ್ಲಾಸ್ ಮಾದರಿಗಳು 1980ರ ದಶಕದಲ್ಲಿ ಸಣ್ಣ ಮೋಟರಿನೊಡನೆ ಈ ತಾಪತ್ರಯ ತಪ್ಪಿಸಿದವು. 1989ರಲ್ಲಿ ಲೈಫ್ ಲೈಕ್ ಕಂಪನಿಯ ಪ್ರೋಟೊ 2000 ಸರಣಿ ಶುರುವಾಗಿ, ಅದುವರೆಗೆ ಹಿತ್ತಾಳೆಯ ದುಬಾರಿ ಕೈಕೆಲಸದ ಮಾದರಿಗಳಲ್ಲಷ್ಟೇ ಇದ್ದ ಬಿಡಿ ವಿವರಗಳು ಪ್ಲಾಸ್ಟಿಕ್ಕಿನ ಬೆಲೆಗೆ ಇಳಿದವು. ರಿವೆಟ್ ಎಣಿಸುವವರು ಎಂಬುದು ಈ ಹವ್ಯಾಸದ ಹಳೆಯ ಬೈಗುಳ. ಸ್ಕೇಲ್‌ಟ್ರೇನ್ಸ್ ಎಂಬ ಅಮೆರಿಕನ್ ಕಂಪನಿ ಈಗ ತನ್ನ ಅತಿ ವಿವರದ ಸರಣಿಗೆ ಅದನ್ನೇ ಹೆಸರಾಗಿ ಇಟ್ಟು ಮಾರುತ್ತಿದೆ.

ಬ್ರಿಟನ್ನಿನಲ್ಲಿ ವಿವರ ಕೆಲಸದ ಮೇಜಿನಿಂದ ಚೀನಾದ ಕಾರ್ಖಾನೆಗಳಿಗೆ ಸಾಗಿದ್ದು 2000ದ ಆಸುಪಾಸಿನಲ್ಲಿ. ಹಾರ್ನ್‌ಬಿ, ಬಾಕ್‌ಮನ್, ಹೆಲ್ಯಾನ್ ಮೂರೂ ನಡುವೆ ಮೋಟರಿರುವ, ತಂತಿ ಕೈಹಿಡಿಗಳಿರುವ, ದೀಪ ಉರಿಯುವ ಡೀಸೆಲ್‌ಗಳನ್ನು ತಂದವು. 2004ರಲ್ಲಿ ದಿವಾಳಿಯಾಗಿದ್ದ ಲಿಮಾದ ಆಸ್ತಿಯನ್ನು ಹಾರ್ನ್‌ಬಿ ಕೊಂಡಿತು. ಹೋಲಿಕೆ ಎಂಬುದು ಶಾಸ್ತ್ರವಾದದ್ದು ಈಗ. ಒಂದೇ ಎಂಜಿನ್ನಿಗೆ ಎರಡು ಮೂರು ಕಂಪನಿಗಳ ಮಾದರಿ ಇದ್ದಾಗ ಅಕ್ಕಪಕ್ಕ ಇಟ್ಟು ನೋಡದೆ ಇರುವವರಾರು? ಕ್ಲಾಸ್ 37 ಇದಕ್ಕೆ ಒಳ್ಳೆಯ ಉದಾಹರಣೆ. ಬಾಕ್‌ಮನ್ನಿನ ಮೊದಲ 37ರ ಓಟ ಚೆನ್ನಾಗಿತ್ತು, ಮುಂಗಾಜಿನ ಸುತ್ತಲ ಆಕಾರ ಹಲವರಿಗೆ ಒಪ್ಪಿಗೆಯಾಗಲಿಲ್ಲ. ಇಟಲಿಯ ವಿಟ್ರೇನ್ಸ್ ಇನ್ನೊಂದು 37 ತಂದಾಗ ಮುಖ ಯಾರದ್ದು ವಾಸಿ ಎಂಬ ಚರ್ಚೆ ಮತ್ತೆ ಎದ್ದಿತು. ಲಿಮಾದ ಹಳೆಯ ಮೈಯನ್ನು ಬಾಕ್‌ಮನ್ನಿನ ಚಾಸಿಯ ಮೇಲೆ ಕೂರಿಸಿ ಜಗಳ ಮುಗಿಸಿದವರೂ ಇದ್ದರು. ನನ್ನ ಮಟ್ಟಿಗೆ ಅವರದೇ ಸರಿಯಾದ ಕಣ್ಣು. ಪೈಪು, ಮೆಟ್ಟಿಲು, ವೈಪರ್‌ಗಳನ್ನು ಯಾವಾಗ ಬೇಕಾದರೂ ಸೇರಿಸಬಹುದು, ಮುಖ ತಪ್ಪಿದ ಮೇಲೆ ಯಾರೂ ಏನೂ ಮಾಡಲಾಗದು. ಇಂದಿಗೂ ಹೊಸ ಮಾದರಿಯ ವಿಮರ್ಶೆಗಳು ಬಿಡಿಭಾಗಗಳ ಪಟ್ಟಿಯಿಂದ ಶುರುವಾಗುವುದು ನನಗೆ ತಲೆಕೆಳಗು ಅನ್ನಿಸುತ್ತದೆ.

ಮುಖ, ಬಿಡಿಭಾಗ ಎರಡೂ ಸರಿಯಿದ್ದು ಒಳಗಿಂದ ಕೆಟ್ಟವೂ ಇವೆ. ಚಾಸಿಯನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಅದರಲ್ಲಿ ಸೀಸದಂಥ ಕಲ್ಮಶ ಸ್ವಲ್ಪ ಬೆರೆತರೂ ವರ್ಷಗಳು ಕಳೆದಂತೆ ಲೋಹದ ಹರಳುಗಳ ನಡುವೆ ತುಕ್ಕು ಹಬ್ಬಿ, ಚಾಸಿ ಹಿಗ್ಗಿ, ಬಿರಿದು, ಕೊನೆಗೆ ಪುಡಿಯಾಗುತ್ತದೆ. ಹಾರ್ನ್‌ಬಿಯ ಕ್ಲಾಸ್ 31ರ ಕೆಲವು ಬ್ಯಾಚುಗಳು ಹೀಗೇ ಹಾಳಾದವು. ಪೆಟ್ಟಿಗೆಯಿಂದ ಹೊರಗೇ ತೆಗೆಯದೆ ಜೋಪಾನ ಮಾಡಿದವರ ಎಂಜಿನ್ನೂ ಉಳಿಯಲಿಲ್ಲ.

ಹಳೆಯ ಲಿಮಾ ಇಟ್ಟುಕೊಂಡವರು ಸುಮ್ಮನಿರಲಿಲ್ಲ. ಚಪ್ಪಟೆ ಮೋಟರನ್ನು ಕಿತ್ತು, ಕೆಟ್ಟ ಸಿಡಿ ಪ್ಲೇಯರಿನ ಪುಟ್ಟ ಮೋಟರನ್ನು ಅಲ್ಲಿ ಕೂರಿಸುವ ಉಪಾಯ ಕಂಡುಕೊಂಡರು. ಅದು ಕಡಿಮೆ ಕರೆಂಟ್ ಎಳೆಯುವುದರಿಂದ, ಎಂಜಿನ್ನಿನೊಳಗೆ ಕೂತು ಡಿಜಿಟಲ್ ಆದೇಶ ಓದುವ ಡೀಕೋಡರ್ ಸುಡುವ ಭಯವಿಲ್ಲ. ಈ ಡಿಜಿಟಲ್ ನಿಯಂತ್ರಣಕ್ಕೆ ಜರ್ಮನಿಯ ಲೆನ್ಜ್ ಕಂಪನಿಯ ಕೆಲಸವೇ ತಳಹದಿ, 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘ ಅದನ್ನು ಮಾನಕ ಮಾಡಿತು. ಅದರ ಬೆನ್ನಿಗೆ ಬಂದದ್ದು ಸದ್ದು. ನಿಜದ ಎಂಜಿನ್ನಿನ ಮೇಲೆ ಮೈಕ್ ಇಟ್ಟು ದಾಖಲಿಸಿ, ಬೆರಳಗಲದ ಸ್ಪೀಕರಿನಿಂದ ಹೊರಡಿಸುತ್ತಾರೆ. ಕರ್ನಾಟಕದ ಕಿವಿಗೆ ಇಲ್ಲೊಂದು ಪರಿಚಯದ ದನಿ ಸಿಗುತ್ತದೆ. 1998ರಿಂದ ಬ್ರಿಟನ್ನಿನಲ್ಲಿ ಓಡುತ್ತಿರುವ ಕ್ಲಾಸ್ 66ರ ಹೊಟ್ಟೆಯಲ್ಲಿರುವುದು ಜನರಲ್ ಮೋಟರ್ಸ್‌ನ 710 ಸರಣಿಯ 12 ಸಿಲಿಂಡರಿನ ಎಂಜಿನ್, ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಡಬ್ಲ್ಯುಡಿಜಿ-4ರಲ್ಲಿರುವುದು ಅದೇ ಸರಣಿಯ 16 ಸಿಲಿಂಡರಿನದು. ಗಂಟಲು ಒಂದೇ ಮನೆತನದ್ದು.

2020ರ ದಶಕದ ಆರಂಭದಲ್ಲಿ ಬಾಕ್‌ಮನ್ ತನ್ನ 37ನ್ನು ಹೊಸ ಅಚ್ಚಿನಿಂದ ಮಾಡಿತು, ಐರ್ಲೆಂಡಿನ ಅಕ್ಯುರಾಸ್ಕೇಲ್ ಅದಕ್ಕೆ ಎದುರಾಗಿ ತನ್ನದನ್ನು ತಂದಿತು. ಸದ್ದಿನ ಮಾದರಿಗಳ ಬೆಲೆ 200 ಪೌಂಡ್ ದಾಟಿದೆ. ಈಗ ಪೈಪೋಟಿ ಇರುವುದು ಉಪಜಾತಿಗಳಲ್ಲಿ. ನಿಜದ 37ಗಳು 309, 1960ರಿಂದ 1965ರವರೆಗೆ ತಯಾರಾದವು. ಮೊದಲಿನವುಗಳ ಮೂಗಿನ ಮೇಲೆ ರೈಲಿನ ಸಂಕೇತ ತೋರಿಸುವ ಪೆಟ್ಟಿಗೆ ಎಡಬಲಕ್ಕೆ ಸೀಳಿದೆ, ಆಮೇಲಿನವುಗಳಲ್ಲಿ ನಡುವೆ ಒಂದೇ. 1976ರಲ್ಲಿ ಸಂಕೇತ ತೋರಿಸುವ ಪದ್ಧತಿಯೇ ನಿಂತಾಗ ಅಲ್ಲಿ ಎರಡು ಬಿಳಿ ಚುಕ್ಕೆ ಬಂದವು, ಕೆಲವುಗಳಿಗೆ ತಗಡು ಬಡಿದರು. 1980ರ ದಶಕದಲ್ಲಿ ಕ್ರೂ ಕಾರ್ಯಾಗಾರದಲ್ಲಿ ನವೀಕರಣವಾದಾಗ 31 ಎಂಜಿನ್ನುಗಳು ಡಬ್ಬಿಗಳಿಗೆ ವಿದ್ಯುತ್ ಕೊಡುವ 37/4 ಆದವು, ಇನ್ನು ಕೆಲವು ಭಾರ ಹೆಚ್ಚಿಸಿಕೊಂಡು 37/7 ಆದವು. ಇವನ್ನೆಲ್ಲ ಕಾರ್ಖಾನೆಯೇ ಮಾಡಿಕೊಡಬೇಕಾದರೆ ಅಚ್ಚಿನ ತುಂಡುಗಳನ್ನು ಅದಲುಬದಲು ಮಾಡುವಂತೆ ಮೊದಲೇ ಯೋಚಿಸಿರಬೇಕು.

ಲೇಸರ್ ಸ್ಕ್ಯಾನ್ ಇದಕ್ಕೆ ಸಹಾಯ ಮಾಡಿದೆ, ಆದರೆ ಅದೂ ಮಂತ್ರದಂಡವಲ್ಲ. ಸ್ಕ್ಯಾನಿಗೆ ಸಿಗುವುದು ಇಂದು ಉಳಿದಿರುವ ಎಂಜಿನ್. ಅದು ಗುದ್ದು ತಿಂದಿರುತ್ತದೆ, ತಗಡು ಬದಲಾಗಿರುತ್ತದೆ, ಎಷ್ಟೋ ಪದರ ಬಣ್ಣ ಹೊತ್ತಿರುತ್ತದೆ. 1972ರ ರೂಪಕ್ಕೆ ಇವತ್ತಿಗೂ ಹಳೆಯ ನಕ್ಷೆ ಮತ್ತು ತಾರೀಕು ಬರೆದ ಫೋಟೊಗಳೇ ಗತಿ.

ಇನ್ನು ಯಾವ ಕಂಪನಿಯೂ ಬಿಡಿಸಲಾಗದ ಒಂದು ಗಂಟಿದೆ. ಬಫರಿನ ಕೆಳಗೆ ಬ್ರೇಕಿನ ಕೆಂಪು ತುದಿಯ ಪೈಪು, ಹಳದಿ ತುದಿಯ ಪೈಪು, ಹಿಮ ತಳ್ಳುವ ನೇಗಿಲು ಎಲ್ಲ ಇರಬೇಕು. ಆದರೆ ಅಲ್ಲೇ ಡಬ್ಬಿ ಜೋಡಿಸುವ ಕಪ್ಲಿಂಗ್ ಎಡಬಲ ಆಡಬೇಕು, ಏಕೆಂದರೆ ಮನೆಯ ಮೇಜಿನ ಎರಡನೇ ಅಳತೆಯ ತಿರುವಿನ ತ್ರಿಜ್ಯ 438 ಮಿ.ಮೀ., ನಿಜದ ಲೆಕ್ಕದಲ್ಲಿ 33 ಮೀಟರ್. ಮುಖ್ಯ ಮಾರ್ಗದ ಯಾವ ಎಂಜಿನ್ನೂ ಅಂಥ ತಿರುವು ಕಂಡಿರಲಾರದು. ಹಾಗಾಗಿ ಪೈಪುಗಳನ್ನು ಪುಟ್ಟ ಚೀಲದಲ್ಲಿ ಹಾಕಿ ಕೊಡುತ್ತಾರೆ. ಬಹಳ ಜನ ಒಂದು ತುದಿಗೆ ಎಲ್ಲ ಅಂಟಿಸಿ, ಇನ್ನೊಂದು ತುದಿಯಲ್ಲಿ ಕಪ್ಲಿಂಗ್ ಉಳಿಸಿಕೊಳ್ಳುತ್ತಾರೆ. ಅಂಥ ಎಂಜಿನ್ ಜೀವಮಾನವಿಡೀ ಒಂದೇ ದಿಕ್ಕಿಗೆ ಮುಖ ಮಾಡಿ ಎಳೆಯುತ್ತದೆ.

ಕಾರ್ಖಾನೆ ಇಷ್ಟೆಲ್ಲ ಕೊಟ್ಟ ಮೇಲೆ ಹವ್ಯಾಸಿಯ ಕೈಗೆ ಉಳಿದಿರುವುದು ನಂಬರ್ ಬದಲಿಸುವುದು, ಹೆಸರುಫಲಕ ಅಂಟಿಸುವುದು, ಏರ್‌ಬ್ರಷ್ಷಿನಿಂದ ಮಸಿ, ಎಣ್ಣೆ, ಬ್ರೇಕಿನ ಕಂದು ಧೂಳು ಹಿಡಿಸುವುದು. ಮನೆಯಲ್ಲೇ ರೆಸಿನ್ ಪ್ರಿಂಟರ್ ಇಟ್ಟುಕೊಂಡವರು ದೊಡ್ಡ ಕಂಪನಿಗಳು ಮುಟ್ಟದ ಗಾಡಿಗಳತ್ತ ಹೊರಳಿದ್ದಾರೆ. ನಮ್ಮ ಡಬ್ಲ್ಯುಡಿಎಂ-2 ಅಂಥ ಕೈಗಳಿಗೆ ಕಾದಿರುವ ಸರಕು. 1962ರಲ್ಲಿ ಅಮೆರಿಕದ ಆಲ್ಕೊದಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದ ಎಂಜಿನ್ ಅದು. ತಗ್ಗು ಮೂಗು, ದೊಡ್ಡ ಮುಂಗಾಜಿನ ಜಂಬೊ ಒಂದು ಬಗೆ, ಮಾಮೂಲಿ ಮೂಗಿನದು ಇನ್ನೊಂದು, ಡಬ್ಲ್ಯುಡಿಎಂ-3ಎ ಆಗಿ ಬದಲಾದದ್ದು ಮತ್ತೊಂದು. ಶೆಡ್ಡಿಗೊಂದು ಬಣ್ಣ ಬೇರೆ. ಇದನ್ನು 1:87ರಲ್ಲಿ ಮಾಡಲು ಕೂತವನ ಮುಂದೆ ಮೊದಲು ಬರುವುದು ಮಾತ್ರ ಮೂಗಲ್ಲ, ಹಳಿ. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ. ಆ ಪ್ರಮಾಣದಲ್ಲಿ 19.2 ಮಿ.ಮೀ. ಚಿಲ್ಲರೆ ಆಗುತ್ತದೆ, ಅಂಗಡಿಯಲ್ಲಿ ಸಿಗುವುದು 16.5ರದು. ಹಳಿ, ಚಕ್ರ ಎಲ್ಲವನ್ನೂ ಕೈಯಿಂದಲೇ ಮಾಡಿಕೊಳ್ಳಬೇಕು, ಇಲ್ಲವೇ ಬ್ರಿಟಿಷರಂತೆ ಎದುರಿನಿಂದ ನೋಡುವುದನ್ನು ಬಿಡಬೇಕು.